ವಿದೇಶವಾಸದ ಲೆಕ್ಕದಲ್ಲಿ ಬಿಟ್ಟುಹೋಗುವ ಹಕ್ಕು

ಉದ್ಯೋಗಕ್ಕಾಗಿ ಸ್ವಂತ ದೇಶ ಬಿಟ್ಟು ಇನ್ನೊಂದು ದೇಶದಲ್ಲಿ ವರ್ಷಗಟ್ಟಲೆ ಬದುಕುವುದು ವಿದೇಶವಾಸ. ಯುದ್ಧಕ್ಕೆ ಬೆದರಿ ಓಡಿಹೋದವರ, ಗುಲಾಮರಾಗಿ ಮಾರಾಟವಾದವರ ಪಾಡು ಇದಕ್ಕಿಂತ ಬೇರೆ. ವಿದೇಶವಾಸಿ ತಾನಾಗಿ ಹೊರಡುತ್ತಾನೆ. ಕೈಯಲ್ಲೊಂದು ಕಸುಬು ಇರುತ್ತದೆ. ಬೇಡವೆನಿಸಿದರೆ ಹಿಂದಿರುಗುವ ದಾರಿ, ಕಾಗದದ ಮೇಲಾದರೂ, ತೆರೆದಿರುತ್ತದೆ. ಇದರಿಂದ ಒಳಿತೋ ಕೆಡುಕೋ ಎಂಬ ಚರ್ಚೆ ಕನ್ನಡ ಮನೆಗಳಲ್ಲಿ ನಡೆದಾಗಲೆಲ್ಲ ತಕ್ಕಡಿಯ ಒಂದು ತಟ್ಟೆಗೆ ಸಂಬಳ, ಮಕ್ಕಳ ಓದು, ಅನುಭವ ಬೀಳುತ್ತವೆ. ಇನ್ನೊಂದಕ್ಕೆ ಅಪ್ಪ ಅಮ್ಮ, ಭಾಷೆ, ಹಬ್ಬ ಹುಣ್ಣಿಮೆ. ಎಷ್ಟು ಸಲ ತೂಗಿದರೂ ತೀರ್ಮಾನ ಸಿಗುವುದಿಲ್ಲ. ತಟ್ಟೆಗೆ ಬಿದ್ದವುಗಳಲ್ಲಿ ಹೆಚ್ಚಿನವು ಊರು ಬಿಟ್ಟವರಿಗೆಲ್ಲ ಅನ್ವಯಿಸುತ್ತವೆ, ದೇಶ ಬಿಟ್ಟವರಿಗೆ ಮಾತ್ರವಲ್ಲ. ಊರು ಬಿಡುವುದರ ನಷ್ಟವನ್ನೂ ಗಡಿ ದಾಟುವುದರ ನಷ್ಟವನ್ನೂ ಬೇರೆ ಬೇರೆ ಬರೆದುಕೊಳ್ಳದೆ ಈ ಪ್ರಶ್ನೆಗೆ ಉತ್ತರವಿಲ್ಲ.

ಹಾಗೆ ಬರೆದುಕೊಳ್ಳಲು ನಾಸಿಕ ಒಳ್ಳೆಯ ಉದಾಹರಣೆ. ನಾಸಿಕದ ಹತ್ತಿರದ ಓಝರಿನಲ್ಲಿ 1964ರಲ್ಲಿ ಮಿಗ್-21 ವಿಮಾನಗಳಿಗಾಗಿ ಕಾರ್ಖಾನೆ ಬಂತು. ಅದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಎಚ್‌ಎಎಲ್‌ನ ಘಟಕ. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕೋ, ಅಂದರೆ ಈಗಿನ ಬಾಷ್, ಮುಂದೆ ನಾಸಿಕದಲ್ಲೂ ಕಾರ್ಖಾನೆ ಕಟ್ಟಿತು. ಇಂಥ ಸಂಸ್ಥೆಗಳ ವರ್ಗಾವಣೆಯಿಂದ, ಬ್ಯಾಂಕ್ ನೌಕರಿಯಿಂದ, ಹೋಟೆಲ್ ವ್ಯವಹಾರದಿಂದ ಕನ್ನಡ ಕುಟುಂಬಗಳು ಗೋದಾವರಿ ತೀರಕ್ಕೆ ಬಂದವು. ಹೀಗೆ ಬಂದ ಮನೆಯಲ್ಲಿ ಏನಾಗುತ್ತದೆ ಎಂಬುದು ಗೊತ್ತಿರುವ ಸಂಗತಿಯೇ. ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿಯುತ್ತಾರೆ, ಮನೆಯಲ್ಲಿ ಕನ್ನಡ ಆಡುತ್ತಾರೆ, ಕನ್ನಡ ಓದಲು ಬರುವುದಿಲ್ಲ. ತುಮಕೂರಿನಲ್ಲೋ ಧಾರವಾಡದಲ್ಲೋ ಇರುವ ಅಜ್ಜಿಗೆ ಹುಷಾರಿಲ್ಲವೆಂದರೆ ರಾತ್ರಿಯ ರೈಲು ಹಿಡಿಯಬೇಕು. ಗೌರಿ ಹಬ್ಬಕ್ಕೆ ಬಳಗದವರು ಸೇರುವುದಿಲ್ಲ. ಭಾಷೆಯ ಸವೆತ, ಬಂಧುಗಳ ದೂರ, ಒಂಟಿತನ ಮೂರೂ ಇಲ್ಲಿವೆ. ಪಾಸ್‌ಪೋರ್ಟಿಗೆ ಒಂದು ಮುದ್ರೆಯೂ ಬಿದ್ದಿಲ್ಲ.

ಇದೇ ಕುಟುಂಬ ನಾಸಿಕದ ಬದಲು ದುಬೈಗೋ ನ್ಯೂಜೆರ್ಸಿಗೋ ಹೋಗಿದ್ದರೆ ಹೆಚ್ಚಾಗಿ ಏನು ಸೇರುತ್ತಿತ್ತು, ಏನು ಕಳೆಯುತ್ತಿತ್ತು? ಸೇರುವುದು ಸಂಬಳ. ಕಳೆಯುವುದು ಹಕ್ಕು. ನಾಸಿಕದಲ್ಲಿ ಕೆಲಸ ಹೋದರೂ ಮನೆ ಖಾಲಿ ಮಾಡಿ ಊರು ಬಿಡಬೇಕೆಂಬ ಕಾನೂನಿಲ್ಲ. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಂಡರೆ ನಗರಪಾಲಿಕೆಗೂ ಓಟು ಹಾಕಬಹುದು, ನಲ್ಲಿಯಲ್ಲಿ ನೀರು ಬರದಿದ್ದರೆ ಜಗಳ ತೆಗೆಯಬಹುದು. ಅಮೆರಿಕದಲ್ಲಿ ಎಚ್‌-1ಬಿ ವೀಸಾದ ಮೇಲಿರುವ ಎಂಜಿನಿಯರಿಗೆ ಕೆಲಸ ಹೋದರೆ ಬೇರೆ ಕೆಲಸ ಹುಡುಕಿಕೊಳ್ಳಲು ಇರುವ ಗಡುವು ಹೆಚ್ಚೆಂದರೆ 60 ದಿನ. ಕೊಲ್ಲಿ ರಾಷ್ಟ್ರಗಳಲ್ಲಿ ವಾಸದ ಪರವಾನಗಿ ಬಹುಮಟ್ಟಿಗೆ ಕೆಲಸ ಕೊಟ್ಟವನ ಕೈಯಲ್ಲಿರುತ್ತದೆ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಿಗೆ ಇದು ಪಾಠ ಹೇಳಿ ಕಲಿಸಬೇಕಾದ ವಿಷಯವಲ್ಲ.

ಹೆಚ್ಚುವ ಸಂಬಳವೂ ಕಡಿಮೆಯಾಗುವ ಹಕ್ಕೂ ಒಂದೇ ಗಡಿಯಿಂದ ಹುಟ್ಟುತ್ತವೆ. ಒಬ್ಬಳೇ ದಾದಿ, ಅದೇ ಕೌಶಲ, ಆದರೆ ಗಡಿಯ ಈಚೆ ಒಂದು ಸಂಬಳ, ಆಚೆ ಅದರ ಹಲವು ಪಟ್ಟು. ಇದಕ್ಕೆ ಆಚೆಯ ದೇಶದ ಆಸ್ಪತ್ರೆಯ ಸಲಕರಣೆ, ಅಲ್ಲಿನ ಜನರ ಹಣಬಲ ಕಾರಣ ಎಂಬ ವಾದದಲ್ಲಿ ಸತ್ಯವಿದೆ. ಆದರೆ ಅದು ಪೂರ್ತಿ ಕಾರಣವಲ್ಲ. ಮಾಲೀಕನಿಗೆ ಪರದೇಶದ ನೌಕರ ಬೇಕಾಗುವುದು ಅವನು ಸುಲಭವಾಗಿ ಕೆಲಸ ಬಿಟ್ಟುಹೋಗಲಾರ, ಜೋರಾಗಿ ಕೇಳಲಾರ ಎಂಬುದಕ್ಕೂ ಹೌದು. ಹಾಗಾಗಿ ಕೈಗೆ ಬರುವ ಸಂಬಳದ ಒಂದು ಪಾಲು ದುಡಿಮೆಗೆ ಸಿಕ್ಕಿದ್ದಾದರೆ, ಇನ್ನೊಂದು ಪಾಲು ಬಾಯಿ ಮುಚ್ಚಿಕೊಂಡಿರುವುದಕ್ಕೆ ಸಿಕ್ಕಿದ್ದು. ಈ ಎರಡನೆಯ ಪಾಲನ್ನು ಬರೀ ಲಾಭವೆಂದು ಬರೆದುಕೊಳ್ಳುವುದು ತಪ್ಪು ಲೆಕ್ಕ.

ಪರದೇಶದವನ ಬೆಲೆ, ಅವನ ಅಪಾಯ ಎರಡಕ್ಕೂ ಕಾರಣ ಒಂದೇ ಎಂಬುದನ್ನು ದಖ್ಖನಿನಷ್ಟು ಸ್ಪಷ್ಟವಾಗಿ ತೋರಿಸುವ ಪ್ರದೇಶಗಳು ಕಡಿಮೆ. ಬಹಮನಿ ಸುಲ್ತಾನರು ಪರ್ಷಿಯಾ, ಮಧ್ಯ ಏಷ್ಯಾಗಳಿಂದ ಸೈನಿಕರನ್ನೂ ವಿದ್ವಾಂಸರನ್ನೂ ವ್ಯಾಪಾರಿಗಳನ್ನೂ ಕರೆಸಿಕೊಂಡರು. ಹೀಗೆ ಬಂದವರು ಆಫಾಕಿಗಳು. ಮೊದಲೇ ನೆಲೆ ನಿಂತವರು ದಖ್ಖನಿಗಳು. ಸುಲ್ತಾನನಿಗೆ ಆಫಾಕಿಗಳು ಬೇಕಾಗಿದ್ದರು. ಅವರಿಗೆ ಇಲ್ಲಿ ಜಮೀನಿನ ಬೇರಿಲ್ಲ, ಬೆನ್ನಿಗೆ ನಿಲ್ಲುವ ಬಳಗವಿಲ್ಲ, ಆದ್ದರಿಂದ ನಿಷ್ಠೆ ನೇರವಾಗಿ ಸಿಂಹಾಸನಕ್ಕೆ. ಪರ್ಷಿಯಾದ ಗಿಲಾನಿನಿಂದ ವ್ಯಾಪಾರಿಯಾಗಿ 1453ರಲ್ಲಿ ಬೀದರಿಗೆ ಬಂದ ಮಹಮೂದ್ ಗವಾನ್ ಮುಂದೆ ರಾಜ್ಯದ ವಜೀರನಾದ. 1472ರಲ್ಲಿ ಅವನು ಕಟ್ಟಿಸಿದ ಮದರಸಾದ ಗೋಡೆಗಳ ಮೇಲೆ ಬಣ್ಣದ ಹೆಂಚುಗಳು ಈಗಲೂ ಅಲ್ಲಲ್ಲಿ ಉಳಿದಿವೆ. ಪ್ರಾಂತ್ಯಗಳನ್ನು ಎಂಟು ತರಫ್‌ಗಳಾಗಿ ಒಡೆದ. ಅಧಿಕಾರವನ್ನು ಆಫಾಕಿ, ದಖ್ಖನಿ ಇಬ್ಬರಿಗೂ ಹಂಚಲು ನೋಡಿದ. ಅವನಷ್ಟು ಸೇವೆ ಮಾಡಿದ ಪರದೇಶಿ ಆ ರಾಜ್ಯದಲ್ಲಿ ಇನ್ನೊಬ್ಬನಿರಲಿಲ್ಲ. ಆದರೂ 1481ರಲ್ಲಿ, ಒರಿಸ್ಸಾದ ಅರಸನಿಗೆ ಅವನು ಬರೆದನೆನ್ನಲಾದ ನಕಲಿ ಪತ್ರವೊಂದನ್ನು ನಂಬಿ ಸುಲ್ತಾನ ಅವನ ತಲೆ ತೆಗೆಸಿದ. ಸುಳ್ಳು ಎಂದು ಹೇಳಲು ಬೀದರಿನಲ್ಲಿ ಅವನ ಪರವಾಗಿ ಒಂದು ಮನೆತನವಿರಲಿಲ್ಲ. ಬೇರಿಲ್ಲದಿರುವುದೇ ಅವನನ್ನು ಮೇಲಕ್ಕೆತ್ತಿತ್ತು, ಬೇರಿಲ್ಲದಿರುವುದೇ ಅವನನ್ನು ಕೊಂದಿತು.

ಛತ್ರಪತಿ ಸಂಭಾಜಿನಗರದ ಚರಿತ್ರೆ ಇದರ ಇನ್ನೊಂದು ಮಗ್ಗುಲು. ಇಥಿಯೋಪಿಯಾದಲ್ಲಿ ಹುಟ್ಟಿ, ಹಲವು ಕೈ ಬದಲಾಗಿ ಅಹಮದ್‌ನಗರಕ್ಕೆ ಬಂದ ಮಲಿಕ್ ಅಂಬರ್ ಮಾರಾಟವಾಗಿ ಬಂದವನು. ಅವನನ್ನು ವಿದೇಶವಾಸಿ ಎಂದು ಕರೆದರೆ ಗುಲಾಮಗಿರಿಯ ಕ್ರೌರ್ಯವನ್ನು ಮರೆತಂತೆ. ಆದರೆ ಬಿಡುಗಡೆಯಾದ ಮೇಲೆ ಅವನು ಮಾಡಿದ್ದು ಈ ಚರ್ಚೆಗೆ ಬೇಕು. ಅಲ್ಲಿನ ನಿಜಾಮಶಾಹಿಯ ಆಡಳಿತವನ್ನು ಕೈಗೆ ತೆಗೆದುಕೊಂಡ, ಮಗಳನ್ನು ಅದೇ ವಂಶದ ಸುಲ್ತಾನನಿಗೆ ಮದುವೆ ಮಾಡಿಕೊಟ್ಟ, 1610ರಲ್ಲಿ ಖಡಕಿ ಎಂಬ ಹಳ್ಳಿಯಲ್ಲಿ ರಾಜಧಾನಿ ಕಟ್ಟಿದ. ಬೆಟ್ಟದ ಕಡೆಯಿಂದ ನೆಲದಡಿಯ ನಾಲೆಗಳಲ್ಲಿ ಊರಿಗೆ ನೀರು ತಂದ; ಆ ನಹರ್-ಎ-ಅಂಬರಿ ಮುಂದೆ ಶತಮಾನಗಳ ಕಾಲ ನಗರಕ್ಕೆ ನೀರುಣಿಸಿತು. ಮೊಘಲರ ವಿರುದ್ಧ ಅವನು ಮರಾಠಾ ಸರದಾರರೊಡನೆ ಹೋರಾಡಿದ. 1626ರಲ್ಲಿ ತೀರಿಕೊಂಡಾಗ ಖುಲ್ದಾಬಾದಿನಲ್ಲಿ ಮಣ್ಣಾದ. ಊರಿನ ಹೆಸರು ಫತೇನಗರ, ಔರಂಗಾಬಾದ್, 2023ರಲ್ಲಿ ಛತ್ರಪತಿ ಸಂಭಾಜಿನಗರ ಎಂದು ಬದಲಾಗುತ್ತ ಬಂದಿತು. ನೀರಿನ ದಾರಿಗೆ ಅವನ ಹೆಸರೇ ಉಳಿಯಿತು. ಗವಾನ್ ಅರಮನೆಯನ್ನು ನಂಬಿದ. ಅಂಬರ್ ಊರಿನ ನೀರು, ಜಮೀನು, ಮದುವೆಗಳೊಳಗೆ ಇಳಿದ. ಬಂದ ಜಾಗದ ಹೊಣೆಯನ್ನು ತನ್ನದೆಂದು ಹೊರಲು ಅವಕಾಶ ಸಿಕ್ಕರೆ ಪರದೇಶಿ ಪರದೇಶಿಯಾಗಿ ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ.

ಈಗಿನ ಕಾಲದಲ್ಲಿ ಅಂಥ ಅವಕಾಶವನ್ನು ಕೊಡುವುದೂ ಬಿಡುವುದೂ ವೀಸಾ. ಚೆಕ್ ದೇಶದ ಸ್ಕೋಡಾ 2001ರಲ್ಲಿ ಇದೇ ನಗರದ ಹೊರಗಿನ ಶೇಂದ್ರಾದಲ್ಲಿ ಕಾರು ತಯಾರಿಕೆ ಆರಂಭಿಸಿತು. ಇಂಥ ಕಾರ್ಖಾನೆಗಳಿಗೆ ಮಾತೃಸಂಸ್ಥೆ ಕೆಲವು ವರ್ಷಗಳ ಮಟ್ಟಿಗೆ ಕಳಿಸುವ ತಜ್ಞರಿಗೆ ಮನೆ, ಕಾರು, ಮಕ್ಕಳ ಶಾಲೆಯ ಶುಲ್ಕ, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಟಿಕೆಟ್ ಸಾಮಾನ್ಯವಾಗಿ ಕಂಪನಿಯದೇ. ಅವರ ಕೆಲಸ ತವರಿನ ಕಚೇರಿಯಲ್ಲಿ ಕಾದಿರುತ್ತದೆ. ಅಪಾಯ ಅತಿ ಕಡಿಮೆ ಇರುವ ವಿದೇಶವಾಸ ಇದು. ಆದರೆ ಭಾರತದಿಂದ ಹೊರಹೋಗುವ ಹೆಚ್ಚಿನವರಿಗೆ ಈ ಬಗೆಯದು ದಕ್ಕುವುದಿಲ್ಲ. ಅವರು ಸ್ವಂತ ಸಾಲದ ಮೇಲೆ ಓದಲು ಹೋಗುತ್ತಾರೆ, ಇಲ್ಲವೇ ಏಜೆಂಟನಿಗೆ ದುಡ್ಡು ಕೊಟ್ಟು ಕೆಲಸಕ್ಕೆ ಹೋಗುತ್ತಾರೆ.

ಹೋದವರ ಲೆಕ್ಕದಲ್ಲಿ ಸದಾ ಬಿಟ್ಟುಹೋಗುವುದು ಉಳಿದವರ ಪಾಲು. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಮಕ್ಕಳ ಮೇಲೆ ಜೀವನಾಂಶದ ಹೊಣೆ ಹೊರಿಸುತ್ತದೆ, ಮತ್ತು ಜೀವನಾಂಶವನ್ನು ಬ್ಯಾಂಕಿನ ಮೂಲಕ ಕಳಿಸಬಹುದು. ಆಸ್ಪತ್ರೆಯಲ್ಲಿ ರಾತ್ರಿ ಕೂರುವುದನ್ನು ಕಳಿಸಲಾಗದು. ಅದನ್ನು ಊರಿನಲ್ಲಿ ಉಳಿದ ತಮ್ಮನೋ, ಹೆಚ್ಚಾಗಿ ಅವನ ಹೆಂಡತಿಯೋ ಮಾಡುತ್ತಾರೆ. ಹಣ ಕಳಿಸಿದವನಿಗೆ ಬಳಗದಲ್ಲಿ ಹೆಸರು. ಮೈ ಒರೆಸಿ ಔಷಧಿ ಕೊಟ್ಟವಳ ದುಡಿಮೆ ಯಾವ ಲೆಕ್ಕಕ್ಕೂ ಇಲ್ಲ. ಆಸ್ತಿ ಹಂಚುವ ದಿನ ಅಣ್ಣ ತಮ್ಮಂದಿರಿಬ್ಬರಿಗೂ ಸಮಪಾಲು. ವಿದೇಶವಾಸದಿಂದ ಕುಟುಂಬಕ್ಕೆ ಲಾಭವಾಯಿತು ಎನ್ನುವಾಗ ಕುಟುಂಬದೊಳಗೆ ಯಾರಿಗೆ ಲಾಭ, ಯಾರ ಹೆಗಲಿಗೆ ಭಾರ ಎಂದು ಕೇಳದಿರುವುದು ಅನ್ಯಾಯ. ಈ ಅನ್ಯಾಯ ನಾಸಿಕಕ್ಕೆ ಹೋದವರ ಮನೆಯಲ್ಲೂ ನಡೆಯುತ್ತದೆ. ಆದರೆ ಅಲ್ಲಿಂದ ಮರುದಿನ ಬಂದು ಕೂರಬಹುದು. ವೀಸಾ ನವೀಕರಣ ಬಾಕಿ ಇರುವವನಿಗೆ ಅದೂ ಆಗದಿರಬಹುದು. ದೇಶದಿಂದ ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಭಯದಲ್ಲಿ ತಂದೆಯ ಅಂತ್ಯಸಂಸ್ಕಾರವನ್ನು ಫೋನಿನ ಪರದೆಯಲ್ಲಿ ನೋಡಬೇಕಾದ ಸ್ಥಿತಿಗೆ ಗಡಿಯೊಂದೇ ಕಾರಣ.

ಹಿಂದಿರುಗುವುದರ ಮಾತು. ಹೊರದೇಶದ ಕಲಿಕೆ ಊರಿಗೆ ಬಂದು ಫಲ ಕೊಟ್ಟ ಉದಾಹರಣೆಗಳು ನಾಸಿಕದಲ್ಲೇ ಇವೆ. ತ್ರ್ಯಂಬಕೇಶ್ವರದಲ್ಲಿ ಹುಟ್ಟಿದ ದಾದಾಸಾಹೇಬ ಫಾಲ್ಕೆ 1912ರಲ್ಲಿ ವಿಮೆಯ ಪಾಲಿಸಿ ಒತ್ತೆಯಿಟ್ಟು ಲಂಡನ್ನಿಗೆ ಹೋಗಿ ಕ್ಯಾಮೆರಾ ಕೊಂಡು, ಚಿತ್ರ ತೆಗೆಯುವ ಕೆಲಸವನ್ನು ಸ್ವಲ್ಪ ಕಾಲದಲ್ಲೇ ಕಲಿತು ಬಂದರು. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಗೆ ಬಂತು. ಆಮೇಲೆ ಸ್ಟುಡಿಯೋ ನಾಸಿಕಕ್ಕೆ ಬಂತು. 1914ರಲ್ಲಿ ಮತ್ತೆ ಲಂಡನ್ನಿಗೆ ಹೋದಾಗ ಅಲ್ಲಿಯೇ ಚಿತ್ರ ತಯಾರಿಸುವ ಆಹ್ವಾನ ಬಂದರೂ ಅವರು ಒಪ್ಪಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಓದಿ, ಅಲ್ಲಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದ ರಾಜೀವ್ ಸಾಮಂತ್ 1990ರ ದಶಕದಲ್ಲಿ ಹಿಂದಿರುಗಿ ನಾಸಿಕದ ಮನೆತನದ ಜಮೀನಿನಲ್ಲಿ ವೈನ್ ದ್ರಾಕ್ಷಿ ಬೆಳೆಸಿದರು. ಅಲ್ಲಿಂದ ಸುಲಾ ವೈನ್ ಕಂಪನಿ ಬೆಳೆಯಿತು, ಸುತ್ತಲಿನ ರೈತರಿಗೊಂದು ಹೊಸ ಬೆಳೆ ಸಿಕ್ಕಿತು. ಈ ಎರಡರಲ್ಲೂ ಹೋದವರಿಗೆ ಬೇಕಾದಾಗ ಬರುವ ಸ್ವಾತಂತ್ರ್ಯವಿತ್ತು, ಬಂದ ಮೇಲೆ ಕಾಲೂರಲು ನೆಲವಿತ್ತು.

ಹಿಂದಿರುಗುವುದು ಎಲ್ಲರಿಗೂ ಹೀಗೆ ಒದಗುವುದಿಲ್ಲ. ನಾಸಿಕದ ಶರಣಪುರದಲ್ಲಿ 1854ರಿಂದ ಇದ್ದ ಕ್ರೈಸ್ತ ಮಿಷನ್ನಿನಲ್ಲಿ, ಗುಲಾಮರ ಹಡಗುಗಳಿಂದ ಬಿಡಿಸಿ ತಂದ ಆಫ್ರಿಕದ ಮಕ್ಕಳು ಬೆಳೆದು ಬಡಗಿತನ, ಕಮ್ಮಾರಿಕೆ, ಇಂಗ್ಲಿಷ್ ಕಲಿತರು. ಅವರಲ್ಲೊಬ್ಬ ಜೇಕಬ್ ವೇನ್‌ರೈಟ್ 1873ರಲ್ಲಿ ಆಫ್ರಿಕದಲ್ಲಿ ತೀರಿಕೊಂಡ ಅನ್ವೇಷಕ ಲಿವಿಂಗ್‌ಸ್ಟನ್ನನ ದೇಹವನ್ನು ಕರಾವಳಿಯವರೆಗೆ ಹೊತ್ತು ತಂದ ಗುಂಪಿನಲ್ಲಿದ್ದ. ಮರುವರ್ಷ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ನಡೆದ ಸಂಸ್ಕಾರದಲ್ಲೂ ಪಾಲ್ಗೊಂಡ. ಶರಣಪುರದಲ್ಲಿ ಬೆಳೆದ ಹಲವರನ್ನು ಮೊಂಬಾಸಾ ಬಳಿಯ ಫ್ರೆರೆಟೌನಿಗೆ ಕಳಿಸಲಾಯಿತು. ಹುಟ್ಟಿದ ಖಂಡಕ್ಕೇ ಮರಳಿದ್ದರೂ ಅಲ್ಲಿ ಅವರಿಗೆ ಅಂಟಿದ ಹೆಸರು ‘ಬಾಂಬೆ ಆಫ್ರಿಕನ್ನರು’. ಬಾಲ್ಯ ಎಲ್ಲಿ ಕಳೆಯಿತೋ ಆ ಜಾಗದ ಗುರುತು ಅಳಿಯುವುದಿಲ್ಲ. ಹೊರದೇಶದಲ್ಲಿ ಹತ್ತನೆಯ ತರಗತಿ ದಾಟಿದ ಮಗುವನ್ನು ಊರಿಗೆ ಕರೆತಂದಾಗ ತಂದೆತಾಯಿಗೆ ಅದು ಮರಳುವಿಕೆ, ಮಗುವಿಗೆ ಹೊಸ ವಲಸೆ.

ಈ ಮಗುವಿನ ವಿಷಯದಲ್ಲೇ ಕಾನೂನು ಅತ್ಯಂತ ಕಠಿಣವಾಗಿದೆ. ಉದ್ಯೋಗದ ಆಧಾರದ ಮೇಲೆ ಅಮೆರಿಕ ಕೊಡುವ ಗ್ರೀನ್ ಕಾರ್ಡುಗಳಲ್ಲಿ ಯಾವುದೇ ಒಂದು ದೇಶದವರಿಗೆ ಶೇ. 7ರ ಮಿತಿ ಇದೆ. ಭಾರತದಲ್ಲಿ ಹುಟ್ಟಿದವರ ಸಾಲು ದಶಕಗಳಷ್ಟು ಉದ್ದ. ಎರಡು ವರ್ಷದವನಾಗಿ ಹೋದ ಹುಡುಗ 21 ತುಂಬುವುದರೊಳಗೆ ಸಾಲು ಮುಗಿಯದಿದ್ದರೆ ತಂದೆತಾಯಿಯ ವೀಸಾದಡಿ ಇರುವ ಅರ್ಹತೆ ಕಳೆದುಕೊಳ್ಳುತ್ತಾನೆ. ಕೊಲ್ಲಿಯಲ್ಲಿ ಹುಟ್ಟಿ ಬೆಳೆದರೂ ಅಲ್ಲಿಯ ಪೌರತ್ವ ಸಿಗುವುದು ತೀರ ಅಪರೂಪ. ಇತ್ತ ಭಾರತದ 1955ರ ಪೌರತ್ವ ಕಾಯ್ದೆ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಬೇರೆ ದೇಶದ ಪ್ರಜೆಯಾದವರು ಇಲ್ಲಿಯದನ್ನು ಕಳೆದುಕೊಳ್ಳುತ್ತಾರೆ. ಅವರಿಗೆ ಸಿಗುವ ಒಸಿಐ ಕಾರ್ಡಿನಿಂದ ಬಂದು ಹೋಗಬಹುದು, ಬದುಕಬಹುದು. ಓಟು ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ.

ಇಷ್ಟನ್ನೂ ಇಟ್ಟು ನೋಡಿದರೆ ವಿದೇಶವಾಸದಲ್ಲಿ ಎರಡು ಬಗೆಗಳು ಸಮರ್ಥನೀಯ. ಒಂದು, ಕಲಿಯಲಿಕ್ಕೋ ಬಂಡವಾಳ ಕೂಡಿಸಲಿಕ್ಕೋ ಅವಧಿ ಗೊತ್ತುಮಾಡಿಕೊಂಡು, ಮಕ್ಕಳು ದೊಡ್ಡವರಾಗುವುದರೊಳಗೆ ಹಿಂದಿರುಗುವಂಥದು. ಇನ್ನೊಂದು, ಪೌರತ್ವ ಕೊಡುವ ದೇಶಕ್ಕೆ ಪೂರ್ತಿಯಾಗಿ ಹೋಗಿ, ಅಲ್ಲಿಯ ಓಟು, ತೆರಿಗೆ, ಶಾಲೆ, ನೆರೆಹೊರೆಯ ಹೊಣೆ ಹೊರುವಂಥದು. ಇವೆರಡರ ನಡುವೆ, ಮುಂದಿನ ವರ್ಷ ಹೋಗೋಣ ಎನ್ನುತ್ತ ತಾತ್ಕಾಲಿಕ ಪರವಾನಗಿಯ ಮೇಲೆ ಇಪ್ಪತ್ತು ವರ್ಷ ಕಳೆಯುವ ಬದುಕಿನಲ್ಲಿ ಸಂಬಳ ಎಷ್ಟೇ ಇದ್ದರೂ ನಷ್ಟವೇ ಹೆಚ್ಚು. ಊರಿನಲ್ಲಿ ಗತಿಯಿಲ್ಲದೆ, ತೀರಿಸಲೇಬೇಕಾದ ಸಾಲ ಹೊತ್ತು ಹೋಗುವವರ ಮುಂದೆ ಈ ಆಯ್ಕೆಯೇ ಇರುವುದಿಲ್ಲ. ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆಯ್ಕೆ ಇರುವವರು ಮಾತ್ರ ಹೊರಡುವ ಮುನ್ನ ಸಂಬಳದ ಅಂಕಿಗಿಂತ ಮೊದಲು ವೀಸಾದ ಷರತ್ತುಗಳನ್ನು ಓದಬೇಕು, ಮತ್ತು ಊರಿನಲ್ಲಿ ಅಪ್ಪ ಅಮ್ಮನನ್ನು ನೋಡಿಕೊಳ್ಳುವವರ ಜೊತೆ ಕೂತು ಅವರ ಪಾಲು ಎಷ್ಟೆಂದು ಮೊದಲೇ ಮಾತಾಡಿ ಗೊತ್ತುಮಾಡಿಕೊಳ್ಳಬೇಕು.