ಕಲಿತ ವಿದ್ಯೆ ಯಾರ ಅಗತ್ಯಕ್ಕೆ?

ಸಿಇಟಿ ಫಲಿತಾಂಶ ಪ್ರಕಟವಾದೊಡನೆ ಮಂಗಳೂರಿನ ಮನೆಮನೆಗಳಲ್ಲಿ ಒಂದೇ ಮಾತು: ‘ಕಂಪ್ಯೂಟರ್ ಸೈನ್ಸ್ ಸಿಗಬಹುದೇ?’ ಸಿಗದಿದ್ದರೆ ಮ್ಯಾನೇಜ್‌ಮೆಂಟ್ ಸೀಟಿಗೆ ಹಣ ಹೊಂದಿಸುವ ಓಡಾಟ. ಗಲ್ಫ್ ದುಡಿಮೆಯನ್ನೇ ನಂಬಿದ್ದ ಕುಟುಂಬಗಳು ಮಕ್ಕಳನ್ನು ಇಂಜಿನಿಯರಿಂಗ್‌ಗೆ ಕಳುಹಿಸುತ್ತಿರುವುದು ಸಣ್ಣ ಬದಲಾವಣೆಯೇನಲ್ಲ. 1960ರಲ್ಲಿ ಸುರತ್ಕಲ್‌ನಲ್ಲಿ ಕೆ.ಆರ್.ಇ.ಸಿ. ಆರಂಭವಾದಾಗ ನಮ್ಮಲ್ಲಿ ಹೆಚ್ಚಿನವರಿಗೆ ಅದು ದೂರದ ಕನಸಾಗಿತ್ತು. ಇಂದು ನಡುಪದವಿನ ಪಿ.ಎ. ಕಾಲೇಜು, ಇನ್ನೋಳಿಯ ಬ್ಯಾರೀಸ್ ಸಂಸ್ಥೆಯಂತಹ ಕಾಲೇಜುಗಳನ್ನು ಸಮುದಾಯದವರೇ ಕಟ್ಟಿದ್ದಾರೆ. ಆದ್ದರಿಂದ ಕಂಪ್ಯೂಟರ್ ಕಲಿಯಬೇಕೇ ಬೇಡವೇ ಎಂಬ ಚರ್ಚೆ ಮುಗಿದಿದೆ. ಯಾತಕ್ಕಾಗಿ ಕಲಿಯಬೇಕು ಎಂಬುದು ಮಾತ್ರ ಇನ್ನೂ ಉಳಿದಿದೆ.

‘ಅಲ್ಗಾರಿದಮ್’ ಎಂಬ ಪದ 9ನೇ ಶತಮಾನದ ಬಗ್ದಾದ್‌ನ ವಿದ್ವಾಂಸ ಅಲ್ ಖ್ವಾರಿಝ್ಮಿಯವರ ಹೆಸರಿನಿಂದ ಬಂತೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅವರು ಬೀಜಗಣಿತದ ಗ್ರಂಥ ಬರೆದದ್ದೇಕೆ? ಆಸ್ತಿ ಪಾಲು, ವ್ಯಾಪಾರ, ಭೂಮಿಯ ಅಳತೆ, ಕಾಲುವೆ ತೋಡುವುದು ಮುಂತಾದ ಕೆಲಸಗಳಲ್ಲಿ ಜನರಿಗೆ ನೆರವಾಗಲೆಂದು. ಹೆಮ್ಮೆ ಪಡುವಾಗ ಈ ಭಾಗ ನಮಗೆ ನೆನಪಾಗುವುದಿಲ್ಲ. ಅಷ್ಟು ದೂರ ಹೋಗುವುದೂ ಬೇಡ. ಮಂಗಳೂರಿನ ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ಕನ್ನಡಕ್ಕೆಂದು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಇಂದು ಅಸಂಖ್ಯ ಮಂದಿ ಬಳಸುತ್ತಿದ್ದಾರೆ. ಜನರ ಅಗತ್ಯವೊಂದು ಅವರ ಕಣ್ಣಿಗೆ ಬಿತ್ತು, ವಿದ್ಯೆ ಅದರ ನೆರವಿಗೆ ಬಂತು.

ಇದೇ ವಿದ್ಯೆಯಿಂದ ಮೊಬೈಲಿನ ಜೂಜಾಟಗಳೂ ಹುಟ್ಟಿದವು. ಎಷ್ಟೋ ಮನೆಗಳು ಸಾಲದಲ್ಲಿ ಮುಳುಗಿದ ಬಳಿಕ, 2025ರಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ತಂದಿತು. ಅವುಗಳನ್ನು ಸಿದ್ಧಪಡಿಸಿದವರೂ ಚೆನ್ನಾಗಿ ಓದಿದ ಪ್ರತಿಭಾವಂತರೇ. ‘ನಾನು ಪ್ರೋಗ್ರಾಂ ಬರೆದೆ, ಅಷ್ಟೆ’ ಎಂದರೆ ಹೊಣೆ ಮುಗಿಯುವುದೇ? ಪ್ರವಾದಿವರ್ಯರು(ಸ) ಪ್ರಯೋಜನವಿಲ್ಲದ ಜ್ಞಾನದಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಹಾಗಿರುವಾಗ ಹಾನಿಯನ್ನೇ ತರುವ ಜ್ಞಾನದ ಬಗ್ಗೆ ಏನು ಹೇಳೋಣ?

ಇನ್ನೊಂದು ಮಾತೂ ಇದೆ. ಇಮಾಮ್ ಗಝ್ಝಾಲಿ (1058-1111) ವೈದ್ಯ, ಗಣಿತ ಮುಂತಾದ ವಿದ್ಯೆಗಳನ್ನು ಫರ್ಝ್ ಕಿಫಾಯ ಎಂದರು. ಅಂದರೆ, ಕೆಲವರು ಕಲಿತರೆ ಎಲ್ಲರ ಹೊಣೆ ಇಳಿಯುತ್ತದೆ. ಯಾರೂ ಕಲಿಯದಿದ್ದರೆ ಎಲ್ಲರೂ ತಪ್ಪಿತಸ್ಥರಾಗುತ್ತಾರೆ. ತಮ್ಮ ಕಾಲದವರು ನ್ಯಾಯಾಧೀಶರ ಹುದ್ದೆ, ವಕ್ಫ್ ಆಡಳಿತಗಳ ಆಸೆಯಿಂದ ಫಿಕ್ಹ್ ಕಲಿಯಲು ಮುಗಿಬಿದ್ದು ವೈದ್ಯವನ್ನು ಕೈಬಿಟ್ಟರೆಂದು ಅವರು ನೊಂದಿದ್ದರು. ಇಂದಿನ ನೂಕುನುಗ್ಗಲು ಕಂಪ್ಯೂಟರ್ ಕಡೆಗೆ. ಶಾಲೆಗೆ ಗಣಿತ ಶಿಕ್ಷಕ, ಮಳೆಗಾಲದಲ್ಲಿ ಹೊಳೆಯಾಗುವ ರಸ್ತೆಗೆ ಸಿವಿಲ್ ಇಂಜಿನಿಯರ್, ಆಸ್ಪತ್ರೆಗೆ ದಾದಿ ಇವರೆಲ್ಲ ಬೇಕು. ಆದರೆ ಬೇರೆಯವರ ಮನೆಯಿಂದ ಬರಲಿ ಎಂಬುದು ನಮ್ಮ ಧೋರಣೆ. ಸಾಮಾನ್ಯ ಪ್ರೋಗ್ರಾಂಗಳನ್ನು ಕೃತಕ ಬುದ್ಧಿಮತ್ತೆಯೇ ಬರೆದುಕೊಡುವ ಈ ಕಾಲದಲ್ಲಿ ‘ಕಂಪ್ಯೂಟರ್ ಓದಿದರೆ ನೌಕರಿ ಖಾತ್ರಿ’ ಎಂಬ ಲೆಕ್ಕಾಚಾರವೂ ಸಡಿಲಾಗಿದೆ.

ಆಸಕ್ತಿಯುಳ್ಳ ಮಗನೋ ಮಗಳೋ ಕಂಪ್ಯೂಟರನ್ನು ಧಾರಾಳವಾಗಿ ಕಲಿಯಲಿ. ಸಂಬಳ ಎಷ್ಟೆಂದು ಕೇಳುವುದೂ ತಪ್ಪಲ್ಲ, ಕಷ್ಟಪಟ್ಟು ಓದಿಸಿದ ಮನೆಗೆ ಅದು ಬೇಕು. ಆದರೆ ಈ ಸಂಬಳ ಯಾವ ಕೆಲಸದಿಂದ ಬರುತ್ತದೆ, ಅದರಿಂದ ಯಾರಿಗೆ ಒಳಿತಾಗುತ್ತದೆ ಎಂದೂ ಕೇಳಬೇಕು. ಇದನ್ನು ಕಾಲೇಜು ಕೇಳದು, ಕಂಪೆನಿಯೂ ಕೇಳದು. ಸಂಪತ್ತನ್ನು ಹೇಗೆ ಗಳಿಸಿದೆ, ಕಲಿತದ್ದರಿಂದ ಏನು ಮಾಡಿದೆ ಎಂಬ ಪ್ರಶ್ನೆಗಳು ಪರಲೋಕದಲ್ಲಿ ಖಂಡಿತ ಎದುರಾಗುವವು ಎಂದು ನಂಬಿದವರು ನಾವು. ಸೀಟು ಆರಿಸುವ ದಿನವೇ ಮಕ್ಕಳ ಜೊತೆ ಕುಳಿತು ಅವುಗಳ ಬಗ್ಗೆ ಮಾತಾಡುವುದು ಒಳ್ಳೆಯದು.