ವಿವಾಹವನ್ನೊಲ್ಲದ ದಾಂಪತ್ಯ

ಬಾಳನ್ನು ಜೊತೆಯಾಗಿ ನಡೆಸಲು ದೃಢವಾಗಿ ನಿಶ್ಚಯಿಸಿದ ಸ್ತ್ರೀಪುರುಷರಿಬ್ಬರು ತಮ್ಮ ಸಂಬಂಧಕ್ಕೆ ರಾಜ್ಯದ ಮನ್ನಣೆಯನ್ನು ಬೇಡುತ್ತಲೂ ವಿವಾಹವನ್ನು ಮಾತ್ರ ಒಲ್ಲೆವೆಂದರೆ, ಅದನ್ನು ಹಟವೆನ್ನಬೇಕೋ ಧರ್ಮಸೂಕ್ಷ್ಮವೆನ್ನಬೇಕೋ? ರೆಬೆಕಾ ಸ್ಟೈನ್‌ಫೆಲ್ಡ್ ಮತ್ತು ಚಾರ್ಲ್ಸ್ ಕೀಡನ್ ಎಂಬವರು 2014ರಲ್ಲಿ ಲಂಡನ್ನಿನ ನೋಂದಣಿ ಕಚೇರಿಯಲ್ಲಿ ಇಂಥದೇ ಬೇಡಿಕೆಯನ್ನು ಮುಂದಿಟ್ಟರು. ಅವರು ಕೇಳಿದ್ದು, ಸಲಿಂಗ ಜೋಡಿಗಳಿಗೆಂದು 2004ರ ಶಾಸನವು ಕಲ್ಪಿಸಿದ್ದ ನಾಗರಿಕ ಸಹಭಾಗಿತ್ವವನ್ನು. ಸ್ತ್ರೀಪುರುಷರಿಗೆ ಅದು ಸಲ್ಲದೆಂಬ ಉತ್ತರ ಬಂದಿತು. ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಸೋತು, 2018ರ ಜೂನ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದು, ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಆ ದಾರಿ ಸ್ತ್ರೀಪುರುಷರಿಗೂ ತೆರೆದ ಮೊದಲ ದಿನವಾದ 2019ರ ಡಿಸೆಂಬರ್ 31ರಂದೇ ಅವರು ಸಹಿ ಹಾಕಿದರು.

ದೇವರ ಹೆಸರಿಗೆ ಅಂಜಿ ಅವರು ಹೀಗೆ ಮಾಡಿದರೆಂದು ತಿಳಿಯಲಾಗದು. 1836ರ ಶಾಸನದ ಬಲದಿಂದ, ಪಾದ್ರಿಯಿಲ್ಲದೆ ಇಗರ್ಜಿಯಿಲ್ಲದೆ ಮದುವೆಯಾಗುವ ಅವಕಾಶ ಆ ನಾಡಿನಲ್ಲಿ ಬಹುಕಾಲದಿಂದ ಇದ್ದೇ ಇದೆ. ಇಂಥವರನ್ನು ಬಾಧಿಸುವುದು ವಿವಾಹದ ಚರಿತ್ರೆ. ವಿವಾಹಿತ ಸ್ತ್ರೀಯ ಸ್ವತಂತ್ರ ಅಸ್ತಿತ್ವವು ನ್ಯಾಯದ ದೃಷ್ಟಿಯಲ್ಲಿ ಪತಿಯಲ್ಲಿ ಲೀನವಾಗುತ್ತದೆಂದು ಹದಿನೆಂಟನೆಯ ಶತಮಾನದಲ್ಲಿ ಆಂಗ್ಲ ನ್ಯಾಯಶಾಸ್ತ್ರಜ್ಞ ಬ್ಲ್ಯಾಕ್‌ಸ್ಟನ್ ನಿರೂಪಿಸಿದನು. ಆಕೆ ತನ್ನ ಆಸ್ತಿಗೆ ತಾನೇ ಪೂರ್ಣ ಒಡತಿಯಾಗಲು 1882ರ ಶಾಸನವೇ ಬರಬೇಕಾಯಿತು. ಪತಿಯಾದವನು ಪತ್ನಿಯ ಮೇಲೆ ಅತ್ಯಾಚಾರವೆಸಗಿದ ಅಪರಾಧಿಯಾಗಬಲ್ಲನೆಂದು ಅಲ್ಲಿಯ ಪ್ರಭುಸಭೆ ಒಪ್ಪಿದ್ದು 1991ರಲ್ಲಿ. ಮದುವೆಯ ದಾಖಲೆಯಲ್ಲಿ ವಧೂವರರ ತಂದೆಯರ ಹೆಸರಿಗೆ ಮಾತ್ರ ಸ್ಥಳವಿದ್ದು, ತಾಯಂದಿರಿಗೆ ಅದು ದೊರೆತದ್ದು 2021ರಲ್ಲಿ. ತಂದೆಯು ಮಗಳ ಕೈಹಿಡಿದು ತಂದು ವರನಿಗೆ ಒಪ್ಪಿಸುವ ಆಚಾರವಂತೂ, ಕನ್ಯಾದಾನವನ್ನು ಕಂಡು ಬೆಳೆದ ನಮಗೆ ಅಪರಿಚಿತವೆನಿಸದು.

ಈ ದೋಷಗಳೆಲ್ಲ ತೊಲಗಿದ ಮೇಲೂ ಸಂಕೋಚವೇಕೆಂಬ ಆಕ್ಷೇಪವನ್ನು ನಾನು ಲಘುವಾಗಿ ಎಣಿಸುವುದಿಲ್ಲ. ಶಾಸನವು ತಿದ್ದಿದ್ದನ್ನು ಮನಸ್ಸೂ ತಿದ್ದಿಕೊಳ್ಳಬಹುದು. ಹಳೆಯ ದೇಗುಲದಲ್ಲಿ ಹೊಸ ಭಕ್ತಿ ನೆಲೆಸುವಂತೆ, ಎಷ್ಟೋ ದಂಪತಿಗಳು ಈ ಸಂಸ್ಥೆಯೊಳಗೇ ಸಮಾನತೆಯಿಂದ ಬಾಳಿ ಅದನ್ನು ಪಾವನಗೊಳಿಸಿದ್ದಾರೆ. ಆದರೆ ಪ್ರತಿಜ್ಞೆಯೆಂಬುದು ಇತರ ವ್ಯವಹಾರಗಳಂತಲ್ಲ: ಮನೆಯನ್ನು ಕೊಳ್ಳುವವನಿಗೆ ಕ್ರಯಪತ್ರದ ಭಾಷೆ ರುಚಿಸದಿದ್ದರೂ ಮನೆ ಅವನದಾಗುತ್ತದೆ, ಮನಸ್ಸೊಪ್ಪದ ಪ್ರತಿಜ್ಞೆಯನ್ನು ಉಚ್ಚರಿಸಿದವನ ಕೈಯಲ್ಲಿಯಾದರೋ ಬರಿಯ ಶಬ್ದ ಉಳಿಯುತ್ತದೆ. ಆ ನಾಡಿನಲ್ಲಿ ವಿವಾಹವು ನಿಯತವಾದ ಮಾತುಗಳ ಉಚ್ಚಾರಣೆಯಿಂದ ಸಿದ್ಧಿಸುತ್ತದೆ. ಸಹಭಾಗಿತ್ವವು ಇಬ್ಬರ ಸಹಿಯಿಂದ ಸಿದ್ಧಿಸುತ್ತದೆ, ಮಾತಾಡಲೇಬೇಕೆಂಬ ವಿಧಿಯಿಲ್ಲ. ವಿವಾಹವನ್ನು ಪವಿತ್ರ ಸಂಸ್ಕಾರವೆಂದು ನಂಬಿದ ಶ್ರದ್ಧಾವಂತರು ಈ ನಿರಾಕರಣೆಯಿಂದ ನೊಂದುಕೊಳ್ಳಲು ಕಾರಣವೇ ಇಲ್ಲವೆಂದು ನನಗೆ ತೋರುತ್ತದೆ. ಪೀಠದ ಮುಂದೆ ನಿಂತು ತಾನು ನಂಬದುದನ್ನು ನುಡಿಯುವವನಿಗಿಂತ, ನುಡಿಯಲಾರೆನೆಂದು ಹಿಂದೆ ಸರಿದವನೇ ಆ ಸಂಸ್ಕಾರಕ್ಕೆ ಹೆಚ್ಚಿನ ಗೌರವವನ್ನು ಸಲ್ಲಿಸಿದಂತಾಯಿತಲ್ಲವೆ?

ಹಾಗಾದರೆ ಯಾವ ನೋಂದಣಿಯೂ ಇಲ್ಲದೆ ಕೂಡಿ ಬಾಳಬಹುದಷ್ಟೆ ಎನ್ನುವವರು, ಇಂಗ್ಲೆಂಡಿನಲ್ಲಿ ಹಾಗೆ ಬಾಳಿದವರ ಪೈಕಿ ಒಬ್ಬರು ಉಯಿಲು ಬರೆಯದೆ ತೀರಿಕೊಂಡರೆ, ಎಷ್ಟು ವರ್ಷ ಜೊತೆಗಿದ್ದರೂ ಉಳಿದವರಿಗೆ ಸಹಜವಾದ ವಾರಸುಹಕ್ಕು ಇಲ್ಲವೆಂಬುದನ್ನು ಮರೆಯುತ್ತಾರೆ. ಸಹಭಾಗಿತ್ವವನ್ನು ಬಯಸುವವರು ಕೇಳುವುದು ಹೊಣೆಯಿಂದ ಬಿಡುಗಡೆಯನ್ನಲ್ಲ; ಅದನ್ನು ಮುರಿಯುವುದಕ್ಕೂ ವಿವಾಹಕ್ಕೆ ಬೇಕಾದಂತೆಯೇ ನ್ಯಾಯಾಲಯದ ಆಜ್ಞೆ ಬೇಕು, ಮೊದಲ ವರ್ಷ ತುಂಬುವ ಮುನ್ನ ಅದಕ್ಕಾಗಿ ಅರ್ಜಿಯನ್ನೂ ಸಲ್ಲಿಸುವಂತಿಲ್ಲ.