ಕರೆದ ಕೂಡಲೆ ಬರಬೇಕೇ?

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಹೊಲಿಗೆ ಕೆಲಸ ಮಾಡುವ ಒಬ್ಬ ಹೆಣ್ಣುಮಗಳಿದ್ದಾಳೆಂದು ಇಟ್ಟುಕೊಳ್ಳೋಣ. ಆರ್ಡರ್ ಇಲ್ಲವೆಂದು ಆಡಳಿತದವರು ಆಕೆಯ ಲೈನಿನವರನ್ನೆಲ್ಲ ಲೇ-ಆಫ್ ಮಾಡಿ, "ಊರಿಗೆ ಹೋಗಿರಿ, ಬೇಕಾದಾಗ ಫೋನ್ ಮಾಡುತ್ತೇವೆ" ಎಂದು ಕಳುಹಿಸುತ್ತಾರೆ. ಆಕೆ ಬಾಡಿಗೆ ಮನೆಗೆ ಬೀಗ ಹಾಕಿ, ಮಕ್ಕಳನ್ನು ಕರೆದುಕೊಂಡು ಕೃಷ್ಣರಾಜಪೇಟೆ ಕಡೆಯ ತವರಿಗೆ ಹೋಗುತ್ತಾಳೆ. ಇಪ್ಪತ್ತು ದಿನ ಕಳೆಯುತ್ತದೆ. ಒಂದು ಶನಿವಾರ ಸಂಜೆ ಸೂಪರ್‌ವೈಸರ್ ಫೋನ್ ಮಾಡುತ್ತಾನೆ: "ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬಂದುಬಿಡಮ್ಮ. ಬರದಿದ್ದರೆ ಹೆಸರು ತೆಗೆದುಹಾಕುತ್ತಾರಂತೆ." ಮಂಗಳವಾರ ಆಕೆಯ ತಾಯಿಗೆ ಕಣ್ಣಿನ ಪೊರೆಯ ಆಪರೇಷನ್. ಜೊತೆಗೆ ಹೋಗಲು ಮನೆಯಲ್ಲಿ ಬೇರೆ ಯಾರೂ ಇಲ್ಲ. ಆಕೆ ಏನು ಮಾಡಬೇಕು? ಸೋಮವಾರ ಬಾರದಿದ್ದರೆ ಆಕೆ ಕರ್ತವ್ಯ ತಪ್ಪಿದಂತಾಗುತ್ತದೆಯೇ?

ಪ್ರಿಯ ಓದುಗರೇ, ಇದು ಕಾರ್ಮಿಕ ಇಲಾಖೆಯ ವಿಷಯ, ಕುಟುಂಬದ ಪುಟದಲ್ಲಿ ಇದಕ್ಕೇನು ಕೆಲಸ ಎಂದು ನೀವು ಕೇಳಬಹುದು. ಆದರೆ ಆ ಫೋನ್ ಬಂದದ್ದು ಕಾರ್ಖಾನೆಗಲ್ಲ, ಅಡುಗೆಮನೆಗೆ. ಮಾಲೀಕರ ಹಕ್ಕೂ ತಾಯಿಯ ಹಕ್ಕೂ ಎದುರುಬದುರಾಗಿ ನಿಂತದ್ದು ಒಬ್ಬ ಮಗಳ ಮನಸ್ಸಿನಲ್ಲಿ. ಮನಸ್ಸಾಕ್ಷಿಗೆ ಬಂದ ಪ್ರಶ್ನೆಯನ್ನು ಇಲಾಖೆಗೆ ಬಿಟ್ಟುಕೊಟ್ಟು ನಾವು ಸುಮ್ಮನಿರಲಾಗದು.

ಮೊದಲು ಕಾನೂನು ಏನು ಹೇಳುತ್ತದೆಂದು ನೋಡೋಣ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ 1953ರಲ್ಲಿ ಸೇರಿಸಿದ ಅಧ್ಯಾಯವೊಂದು, ಲೇ-ಆಫ್ ಆದ ಕಾರ್ಮಿಕನಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟನ್ನು ಪರಿಹಾರವಾಗಿ ಕೊಡಬೇಕೆಂದು ವಿಧಿಸಿತು. ಐವತ್ತು ಜನಕ್ಕಿಂತ ಕಡಿಮೆ ದುಡಿಯುವ ಕಡೆ ಇದು ಅನ್ವಯಿಸುತ್ತಿರಲಿಲ್ಲ, ಕಾರ್ಮಿಕನಿಗೆ ಒಂದು ವರ್ಷದ ಸೇವೆಯೂ ತುಂಬಿರಬೇಕಿತ್ತು. ಜೊತೆಗೆ ಇನ್ನೊಂದು ಷರತ್ತಿತ್ತು. ಪರಿಹಾರ ಬೇಕಾದವನು ದಿನಕ್ಕೊಮ್ಮೆಯಾದರೂ ಗೊತ್ತುಮಾಡಿದ ಸಮಯಕ್ಕೆ ಕಾರ್ಖಾನೆಗೆ ಬಂದು, ಕೆಲಸಕ್ಕೆ ತಾನು ಸಿದ್ಧನಿದ್ದೇನೆಂದು ತೋರಿಸಿಕೊಳ್ಳಬೇಕು. ಬಂದು ಎರಡು ಗಂಟೆಯೊಳಗೆ ಕೆಲಸ ಕೊಡದಿದ್ದರೆ ಆ ದಿನ ಲೇ-ಆಫ್ ಎಂದು ಲೆಕ್ಕ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಹಳೆಯ ಕಾಯ್ದೆಯ ಸ್ಥಾನಕ್ಕೆ ಬಂದಿದ್ದರೂ, ಅರ್ಧ ಸಂಬಳವನ್ನೂ ದಿನಕ್ಕೊಮ್ಮೆ ಹಾಜರಾಗುವ ಷರತ್ತನ್ನೂ ಉಳಿಸಿಕೊಂಡಿದೆ.

ಈ ಷರತ್ತು ಮೇಲುನೋಟಕ್ಕೆ ಕಠಿಣವಾಗಿ ಕಾಣುತ್ತದೆ. ಆದರೂ ಅದರೊಳಗೊಂದು ನ್ಯಾಯವಿದೆ. ನಾನು ನಿನಗಾಗಿ ಕಾಯಬೇಕಾದರೆ ನೀನು ನನ್ನ ಕಾಯುವಿಕೆಗೆ ಏನಾದರೂ ಕೊಡಬೇಕು, ನಿನ್ನಿಂದ ಪಡೆದರೆ ನಾನು ಕಾಯುತ್ತಿರಬೇಕು ಎಂಬ ಒಪ್ಪಂದ ಅದು. ಕಾಯುವುದೂ ಒಂದು ದುಡಿಮೆಯೇ ಎಂದು ಕಾನೂನು ಮರೆಯಲ್ಲಿ ಒಪ್ಪಿಕೊಂಡಂತಾಯಿತು. ಮತ್ತಾಯನ ಶುಭಸಂದೇಶದ ಇಪ್ಪತ್ತನೆಯ ಅಧ್ಯಾಯದಲ್ಲಿ ಸಂಜೆಯವರೆಗೆ ಸಂತೆಬೀದಿಯಲ್ಲಿ ನಿಂತೇ ಇದ್ದವರನ್ನು ನೆನಪು ಮಾಡಿಕೊಳ್ಳಿ. ಸುಮ್ಮನೆ ಏಕೆ ನಿಂತಿದ್ದೀರಿ ಎಂದು ತೋಟದ ಯಜಮಾನ ಕೇಳಿದಾಗ, ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಎನ್ನುತ್ತಾರೆ. ಆ ಸಾಮತಿ ದೇವರ ಔದಾರ್ಯವನ್ನು ಕುರಿತದ್ದೇ ಹೊರತು ಕಾರ್ಮಿಕ ಕಾನೂನನ್ನು ಕುರಿತದ್ದಲ್ಲ, ನಿಜ. ಆದರೂ ಆ ಯಜಮಾನನ ಕಣ್ಣಿಗೆ ಅವರು ಸೋಮಾರಿಗಳಾಗಿ ಕಾಣಲಿಲ್ಲ ಎಂಬುದನ್ನು ಗಮನಿಸಬೇಕು. ಅವರಿಗೆ ಆತ ಪೂರ್ತಿ ದಿನದ ಕೂಲಿ ಕೊಟ್ಟ.

ಈಗ ನಮ್ಮ ಹೊಲಿಗೆಯ ಹೆಣ್ಣುಮಗಳ ಕಡೆ ಬರೋಣ. ಆಕೆಗೆ ದಿನವೂ ಬಂದು ಸಹಿ ಹಾಕೆಂದು ಹೇಳಿರಲಿಲ್ಲ. ಊರಿಗೆ ಹೋಗು ಎಂದು ಹೇಳಿದವರು ಅವರೇ. ಹಾಗೆ ಹೇಳುವುದರಿಂದ ಅವರಿಗೂ ಲಾಭವಿತ್ತು. ಗೇಟಿನ ಮುಂದೆ ಜನ ಸೇರುವುದು ತಪ್ಪಿತು, ಹಲವು ಕಡೆ ಅರ್ಧ ಸಂಬಳ ಕೊಡುವುದೂ ತಪ್ಪುತ್ತದೆ. ಹೋಗು ಎಂದವನು ಬರುವ ದಾರಿಯ ಹೊತ್ತನ್ನೂ ಕೊಡಬೇಕು. ಪೂರ್ತಿ ಸಂಬಳ ಪಡೆಯುತ್ತಿರುವವಳಿಂದ ನಾಳೆ ಬೆಳಿಗ್ಗೆ ಎನ್ನುವ ಹಕ್ಕು ಇರಬಹುದು. ಏನೂ ಕೊಡದೆ ಇಪ್ಪತ್ತು ದಿನ ಕೂರಿಸಿದವಳಿಂದ ಅದೇ ಹಕ್ಕನ್ನು ಕೇಳಿದರೆ ಅದು ನ್ಯಾಯದ ತಕ್ಕಡಿಯಲ್ಲಿ ನಿಲ್ಲುವುದಿಲ್ಲ. "ಆಕೆ ಒಪ್ಪಿಯೇ ಸೇರಿದ್ದಳಲ್ಲ, ಕಾಗದಕ್ಕೆ ಸಹಿ ಹಾಕಿದ್ದಳಲ್ಲ" ಎಂದರೆ, ಅದಕ್ಕೆ ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರ 'ರೇರುಮ್ ನೊವಾರುಮ್' ಪರಿಪತ್ರದಲ್ಲೇ ಉತ್ತರ ಕೊಟ್ಟಿದ್ದಾರೆ. ಇಬ್ಬರು ಒಪ್ಪಿದ ಮಾತ್ರಕ್ಕೆ ಒಪ್ಪಂದ ನ್ಯಾಯವಾಗುವುದಿಲ್ಲ. ಒಪ್ಪಂದಗಳಿಗಿಂತ ಹಿಂದಿನದಾದ ಒಂದು ಸಹಜ ನ್ಯಾಯವಿದೆ, ಬಡವ ಬೇರೆ ದಾರಿಯಿಲ್ಲದೆ ಒಪ್ಪಿದ್ದನ್ನು ಅದು ಮಾನ್ಯ ಮಾಡುವುದಿಲ್ಲ. ಅವರು ಇದನ್ನು ಹೇಳಿದ್ದು ಕೂಲಿಯ ವಿಷಯದಲ್ಲಿ. ಹೊತ್ತಿನ ವಿಷಯಕ್ಕೂ ಇದು ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಆಕೆಗೆ ಯಾವ ಹೊಣೆಯೂ ಇಲ್ಲವೆಂದಲ್ಲ. ಇಲ್ಲಿ ಎರಡು ವಿಷಯಗಳನ್ನು ಬೇರೆ ಮಾಡಿ ನೋಡಬೇಕು. ಉತ್ತರ ಕೊಡುವುದು ಒಂದು, ಬಂದು ಸೇರುವುದು ಇನ್ನೊಂದು. ಬಂದು ಸೇರಲು ಹೊತ್ತು ಬೇಕು. ಉತ್ತರ ಕೊಡಲು ಬೇಡ. ಕರೆದವರಿಗೆ ಕೂಡಲೆ ಸಲ್ಲಬೇಕಾದದ್ದು ಉತ್ತರ. ಫೋನ್ ಸ್ವಿಚ್ ಆಫ್ ಮಾಡಿ ಕೂರುವುದು, ನಾಳೆ ಬರುತ್ತೇನೆಂದು ಹೇಳಿ ನಾಲ್ಕು ದಿನ ಬಿಟ್ಟು ಹೋಗುವುದು, ಇಲ್ಲದ ಜ್ವರಕ್ಕೆ ಡಾಕ್ಟರ ಚೀಟಿ ತರುವುದು, ಇವೆಲ್ಲ ಸಣ್ಣ ಸುಳ್ಳುಗಳೆಂದು ನಾವು ತಿಳಿಯುತ್ತೇವೆ. ಆದರೆ ಆ ಸುಳ್ಳಿನ ಭಾರ ಬೀಳುವುದು ಮಾಲೀಕನ ಮೇಲಲ್ಲ. ಲೈನಿನಲ್ಲಿ ಮೂರು ಜನ ಬಾರದಿದ್ದರೆ ಕಾಲರ್ ಹೊಲಿಯುವವಳ ಕೆಲಸ ತೋಳು ಸೇರಿಸುವವಳ ತಲೆಗೆ ಬರುತ್ತದೆ, ಅವಳೂ ಒಬ್ಬ ತಾಯಿಯೇ. ಮತ್ತಾಯ ಇಪ್ಪತ್ತೊಂದನೆಯ ಅಧ್ಯಾಯದ ಇಬ್ಬರು ಮಕ್ಕಳಲ್ಲಿ ಒಬ್ಬ ಹೋಗುವುದಿಲ್ಲವೆಂದು ಹೇಳಿ ಆಮೇಲೆ ತೋಟಕ್ಕೆ ಹೋದ, ಇನ್ನೊಬ್ಬ ಹೋಗುತ್ತೇನೆಂದು ಹೇಳಿ ಹೋಗಲಿಲ್ಲ. ಮೊದಲನೆಯವನೇ ತಂದೆಯ ಚಿತ್ತದಂತೆ ನಡೆದವನೆನಿಸಿಕೊಂಡ. ಆದರೆ ಅವನೂ ಸ್ವಲ್ಪ ಮೊದಲೇ ಹೇಳಿದ್ದರೆ ಆ ತಂದೆಗೆ ಅರ್ಧ ದಿನದ ಚಿಂತೆ ಉಳಿಯುತ್ತಿತ್ತು!

ಆದ್ದರಿಂದ ಆಕೆ ಶನಿವಾರ ಸಂಜೆಯೇ ಹೇಳಬೇಕು: "ಅಣ್ಣಾ, ಬರುತ್ತೇನೆ. ಮಂಗಳವಾರ ಅಮ್ಮನ ಆಪರೇಷನ್ ಇದೆ, ಬುಧವಾರ ಕಟ್ಟು ಬಿಚ್ಚುತ್ತಾರೆ, ಗುರುವಾರ ಬೆಳಿಗ್ಗೆ ಲೈನಿನಲ್ಲಿರುತ್ತೇನೆ. ಆಸ್ಪತ್ರೆಯ ಚೀಟಿ ತರುತ್ತೇನೆ." ಇಷ್ಟು ಹೇಳಿದವಳು ತನ್ನ ಕರ್ತವ್ಯವನ್ನು ಮಾಡಿದ್ದಾಳೆ. ಇದಾದ ಮೇಲೂ ಆಕೆಯ ಹೆಸರು ತೆಗೆದರೆ ಅನ್ಯಾಯ ಮಾಡಿದವರು ಅವರು. ಪಕ್ಕದ ಊರಿನಲ್ಲಿ ಬಿಡುವಾಗಿರುವ ತಂಗಿಯೊಬ್ಬಳು ತಾಯಿಯ ಜೊತೆ ಹೋಗಬಹುದಾಗಿದ್ದರೆ ಮಾತು ಬೇರೆ. ಆಪರೇಷನ್ ಬದಲು ದೂರದ ಸಂಬಂಧಿಯ ಮದುವೆಯಾಗಿದ್ದರೆ ಇನ್ನೂ ಬೇರೆ.

ನೈತಿಕ ದೈವಶಾಸ್ತ್ರದಲ್ಲಿ ಅಸಾಧ್ಯತೆಯನ್ನು ಎರಡು ಬಗೆಯಾಗಿ ಹೇಳುತ್ತಾರೆ. ಕಾಲು ಮುರಿದವನು ನಡೆದು ಬರಲಾರ, ಅದು ದೇಹದ ಅಸಾಧ್ಯತೆ. ಕಾಲು ಗಟ್ಟಿಯಾಗಿದ್ದರೂ ಹೊರಟರೆ ದೊಡ್ಡ ಹಾನಿಯಾಗುತ್ತದೆ, ಅದು ನೈತಿಕ ಅಸಾಧ್ಯತೆ. ಮನುಷ್ಯರು ಮಾಡಿದ ನಿಯಮ ಎರಡನೆಯವನನ್ನೂ ಕಟ್ಟಿಹಾಕುವುದಿಲ್ಲ. ನಮಗೆಲ್ಲ ಇದರ ಒಂದು ಉದಾಹರಣೆ ಗೊತ್ತಿದೆ. ಭಾನುವಾರದ ಬಲಿಪೂಜೆ ನಮ್ಮ ಮೇಲಿರುವ ಗಂಭೀರ ಕರ್ತವ್ಯ. ಆದರೂ ಕಾಯಿಲೆಯವರನ್ನು ನೋಡಿಕೊಳ್ಳುವವರನ್ನೂ ಹಸುಗೂಸಿನ ತಾಯಿಯನ್ನೂ ಧರ್ಮಸಭೆ ಅದರಿಂದ ಬಿಡುಗಡೆ ಮಾಡುತ್ತದೆ. ದೇವರ ಪೂಜೆಗೆ ಇಲ್ಲದ ಕಟ್ಟುನಿಟ್ಟು ಷರ್ಟಿನ ಕಾಲರಿಗೆ ಇರಬೇಕೇ?

ಸಮಂಜಸವಾದ ಮುನ್ಸೂಚನೆ ಎಂದರೆ ಎಷ್ಟು ದಿನ? ಕೆನಡಾದ ಒಂಟಾರಿಯೊ ಪ್ರಾಂತ್ಯದ ನಿಯಮವೊಂದು, ತಾತ್ಕಾಲಿಕವಾಗಿ ಲೇ-ಆಫ್ ಆದವನು ಕರೆದ ನಂತರ ಸಮಂಜಸವಾದ ಅವಧಿಯೊಳಗೆ ಮರಳದಿದ್ದರೆ ಕೆಲಸದಿಂದ ತೆಗೆಯುವಾಗ ಸಿಗಬೇಕಾದ ನೋಟಿಸಿನ ಹಕ್ಕನ್ನು ಕಳೆದುಕೊಳ್ಳುತ್ತಾನೆ ಎನ್ನುತ್ತದೆ. ಆ ಅವಧಿ ಎಷ್ಟು ದಿನವೆಂದು ಹೇಳುವುದಿಲ್ಲ. ಹೇಳದಿರುವುದೇ ಸರಿ ಎನಿಸುತ್ತದೆ. ಕಾರ್ಖಾನೆಯ ಹಿಂದಿನ ಬೀದಿಯಲ್ಲಿರುವವನಿಗೆ ಒಂದು ದಿನ ಸಾಕು, ಒಡಿಶಾಕ್ಕೆ ಹೋದವನಿಗೆ ರೈಲು ಟಿಕೆಟ್ ಸಿಗುವುದಕ್ಕೇ ವಾರ ಬೇಕಾದೀತು. ಕಾನೂನು ಎಲ್ಲ ಸಂದರ್ಭಗಳನ್ನೂ ಮೊದಲೇ ಕಾಣಲಾರದು, ಅಂಥಲ್ಲಿ ಅಕ್ಷರವನ್ನು ಬಿಟ್ಟು ಅದರ ಉದ್ದೇಶವನ್ನು ಹಿಡಿಯುವುದೂ ನ್ಯಾಯದ ಒಂದು ಸದ್ಗುಣವೇ ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸುತ್ತಾರೆ.

ಆದರೆ ನಮ್ಮಲ್ಲಿ ಒಂದು ಓರೆಕೋರೆ ಇದೆ. 1948ರ ಕಾರ್ಖಾನೆಗಳ ಕಾಯ್ದೆಯಡಿ ಕಾರ್ಮಿಕ ತನ್ನ ಗಳಿಕೆಯ ರಜೆ ಬೇಕಾದರೆ ಹದಿನೈದು ದಿನ ಮೊದಲೇ ಬರೆದು ಕೊಡಬೇಕಾಗಿತ್ತು. ಅವನು ಹೋಗಲು ಹದಿನೈದು ದಿನ. ಅವನನ್ನು ಕರೆಯಲು ಒಂದು ಫೋನ್! ಇದಕ್ಕೆ ಹೋಲಿಸಿದರೆ ಕೇಂದ್ರ ಸರ್ಕಾರಿ ನೌಕರರ 1972ರ ರಜಾ ನಿಯಮಗಳು ಎಷ್ಟೋ ಮೇಲು. ರಜೆ ಮುಗಿಯುವ ಮೊದಲೇ ನೌಕರನನ್ನು ವಾಪಸು ಕರೆಸಿದರೆ, ಅವನು ಕೆಲಸದ ಊರಿಗೆ ಹೊರಟ ದಿನದಿಂದಲೇ ಕರ್ತವ್ಯದಲ್ಲಿದ್ದಾನೆಂದು ಎಣಿಸಿ ಪ್ರಯಾಣಭತ್ಯೆ ಕೊಡಬೇಕೆಂದು ಅಲ್ಲಿದೆ. ಅಂದರೆ ಕರೆಸಿಕೊಂಡವರು ದಾರಿಯ ಖರ್ಚನ್ನು ಹೊರಬೇಕು. ಗುಮಾಸ್ತನಿಗೆ ಸಲ್ಲುವ ಈ ಮರ್ಯಾದೆ ಹೊಲಿಗೆಯವಳಿಗೆ ಏಕೆ ಸಲ್ಲಬಾರದು?

2020ರಲ್ಲಿ ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮಾರ್ಚ್ 25ರಿಂದ ದೇಶವೇ ಮುಚ್ಚಿತು, ಜನ ಊರು ಸೇರಿದರು. ಮೇ ಮೊದಲ ವಾರದಲ್ಲಿ ನಮ್ಮ ರಾಜ್ಯದ ಹಲವು ಕಡೆ ಕಾರ್ಖಾನೆಗಳ ಬಾಗಿಲು ತೆರೆದವು, ಆದರೆ ಸರ್ಕಾರಿ ಬಸ್ಸುಗಳು ಮತ್ತೆ ರಸ್ತೆಗಿಳಿದದ್ದು ಮೇ 19ರಂದು. ನಡುವಿನ ದಿನಗಳಲ್ಲಿ ಕರೆ ಬಂದವರು ಏನು ಮಾಡಬೇಕಿತ್ತು? ಅದೇ ವಾರ ಇನ್ನೊಂದು ನಡೆಯಿತು. ಕಟ್ಟಡ ಉದ್ಯಮಿಗಳೊಡನೆ ಸಭೆ ನಡೆದ ಮೇಲೆ, ಹೊರರಾಜ್ಯದ ಕಾರ್ಮಿಕರನ್ನು ಊರಿಗೆ ಒಯ್ಯಬೇಕಿದ್ದ ರೈಲುಗಳನ್ನು ರಾಜ್ಯ ಸರ್ಕಾರ ರದ್ದುಮಾಡಿಸಿತು. ಟೀಕೆ ಜೋರಾದ ಮೇಲೆ ಮತ್ತೆ ಬಿಡಿಸಿತು. ಕೆಲಸ ಬಂದಾಗ ಕೈಗೆ ಸಿಗಲಿ ಎಂದು ಮನುಷ್ಯನನ್ನು ಹಿಡಿದಿಟ್ಟುಕೊಳ್ಳುವುದು ಕರೆಯುವುದಲ್ಲ, ಕೂಡಿಹಾಕುವುದು. ದುಡಿಮೆ ಇರುವುದು ಮನುಷ್ಯನಿಗಾಗಿ, ಮನುಷ್ಯ ಇರುವುದು ದುಡಿಮೆಗಾಗಿ ಅಲ್ಲ ಎಂದು ಸಂತ ಎರಡನೆಯ ಜಾನ್ ಪಾಲರು 1981ರಲ್ಲಿ ಬರೆದದ್ದು ಇಂಥ ಸಮಯಕ್ಕೇ.

ಪವಿತ್ರ ಗ್ರಂಥದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಕಾಳಜಿ ಇದೆ. ಧರ್ಮೋಪದೇಶಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿ ಯುದ್ಧಕ್ಕೆ ಹೊರಡುವ ಮುಂಚೆ ಅಧಿಕಾರಿಗಳು ಜನರನ್ನು ವಿಚಾರಿಸುತ್ತಾರೆ: ಹೊಸ ಮನೆ ಕಟ್ಟಿ ಗೃಹಪ್ರವೇಶ ಮಾಡದವನು, ದ್ರಾಕ್ಷಿತೋಟ ನೆಟ್ಟು ಫಲ ತಿನ್ನದವನು, ಹೆಣ್ಣು ಗೊತ್ತಾಗಿ ಮದುವೆಯಾಗದವನು ಮನೆಗೆ ಹೋಗಲಿ. ಇಪ್ಪತ್ತನಾಲ್ಕನೆಯ ಅಧ್ಯಾಯ ಹೊಸದಾಗಿ ಮದುವೆಯಾದವನಿಗೆ ಒಂದು ವರ್ಷ ಯುದ್ಧವೂ ಬೇಡ, ಬೇರೆ ಸೇವೆಯೂ ಬೇಡ ಎನ್ನುತ್ತದೆ. ಶತ್ರು ಗಡಿಯಲ್ಲಿ ನಿಂತಾಗಲೂ ಮುರಿಯಬಾರದ ರಜೆ ಅದು! ಹಾಗಿದ್ದರೆ ಲೂಕನ ಹದಿನಾಲ್ಕನೆಯ ಅಧ್ಯಾಯದಲ್ಲಿ ಹೊಲ ಕೊಂಡವನ, ಎತ್ತು ಕೊಂಡವನ, ಮದುವೆಯಾದವನ ನೆಪಗಳು ಏಕೆ ತಿರಸ್ಕಾರಕ್ಕೆ ಒಳಗಾದವು? ಅವರಿಗೆ ಮೊದಲೇ ಆಹ್ವಾನ ಹೋಗಿತ್ತು. ಸೇವಕ ಬಂದದ್ದು ಎಲ್ಲ ಸಿದ್ಧವಾಗಿದೆ ಎಂದು ಎರಡನೆಯ ಸಲ ತಿಳಿಸಲು. ಮುನ್ಸೂಚನೆ ಪಡೆದು ಸುಮ್ಮನಿದ್ದು ಕಡೇ ಗಳಿಗೆಯಲ್ಲಿ ಹೇಳುವ ಕಾರಣ ನೆಪವಾಗುತ್ತದೆ. ಮುನ್ಸೂಚನೆಯೇ ಇಲ್ಲದಾಗ ಅದೇ ಕಾರಣ ಕಾರಣವಾಗಿಯೇ ಉಳಿಯುತ್ತದೆ.

ಮಾಲೀಕರ ಕಷ್ಟವನ್ನೂ ಅಲ್ಲಗಳೆಯಲಾಗದು. ವಿದೇಶಿ ಆರ್ಡರ್ ಹಡಗು ತಪ್ಪಿದರೆ ವಿಮಾನದಲ್ಲಿ ಕಳುಹಿಸಬೇಕು, ಲಾಭವೆಲ್ಲ ಅಲ್ಲೇ ಹೋಗುತ್ತದೆ. ಎಂಟು ಜನರಿಟ್ಟುಕೊಂಡು ಬೇಕರಿ ನಡೆಸುವವನಿಗೆ ಡಿಸೆಂಬರ್ ಮೂರನೆಯ ವಾರದಲ್ಲಿ ಇಬ್ಬರು ಬಾರದಿದ್ದರೆ ಕೇಕು ಯಾರು ಸುಡಬೇಕು? ಅಂಥವರು ಕಳುಹಿಸುವಾಗಲೇ ಹೇಳಿ ಕಳುಹಿಸಬಹುದು: ಸುಮಾರು ಇಂಥ ವಾರದಲ್ಲಿ ಕರೆಯುತ್ತೇವೆ, ಇಷ್ಟು ದಿನ ಮೊದಲು ತಿಳಿಸುತ್ತೇವೆ, ಬಸ್ ಚಾರ್ಜ್ ನಮ್ಮದು. ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಈ ನಡುವೆ ಹೊಟ್ಟೆಪಾಡಿಗೆ ಅವನು ಬೇರೆ ಕಡೆ ಕೂಲಿಗೆ ಹೋದರೆ ಅದನ್ನು ದ್ರೋಹವೆನ್ನಬಾರದು. ಅವನೂ ಅದನ್ನು ಮುಚ್ಚಿಡಬಾರದು.

ಕೊನೆಯದಾಗಿ, ನಾವೆಲ್ಲ ಕಾರ್ಮಿಕರೆಂದೇ ಭಾವಿಸಿಕೊಂಡು ಇದನ್ನು ಓದಬೇಕಾಗಿಲ್ಲ. ನಮ್ಮ ಎಷ್ಟೋ ಮನೆಗಳಿಗೆ ಪಾತ್ರೆ ತೊಳೆಯಲು, ನೆಲ ಒರೆಸಲು ಒಬ್ಬ ಅಕ್ಕ ಬರುತ್ತಾರೆ. ಸೆಪ್ಟೆಂಬರಿನಲ್ಲಿ ಹತ್ತು ದಿನ ವೇಳಾಂಕಣಿಗೆ ಹೊರಡುವಾಗ "ನಾವು ಬರುವವರೆಗೆ ಬರಬೇಡಮ್ಮ" ಎನ್ನುತ್ತೇವೆ. ರಾತ್ರಿ ರೈಲಿಳಿದು ಮನೆಗೆ ಬಂದವರು "ನಾಳೆ ಬೆಳಿಗ್ಗೆ ಆರಕ್ಕೇ ಬಾ" ಎಂದು ಫೋನ್ ಮಾಡುತ್ತೇವೆ. ಆಕೆ ಎರಡು ದಿನ ಬಿಟ್ಟು ಬಂದರೆ, ಇವರನ್ನು ನಂಬುವ ಹಾಗಿಲ್ಲ ಎಂದು ಪಕ್ಕದ ಮನೆಯವರೊಡನೆ ಹೇಳಿಕೊಳ್ಳುತ್ತೇವೆ. ಆ ಹತ್ತು ದಿನಗಳ ಸಂಬಳವನ್ನು ನಾವು ಹಿಡಿದುಕೊಂಡೆವೋ ಕೊಟ್ಟೆವೋ? ಯಾತ್ರೆಯ ಖರ್ಚನ್ನು ಲೆಕ್ಕಹಾಕುವಾಗ, ಬಸ್ಸು, ರೈಲು, ರೂಮು, ಮೇಣದಬತ್ತಿಯ ಜೊತೆಗೆ ಅದನ್ನೂ ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಬಹುದು. ಹೊರಡುವ ಮುಂಚೆಯೇ ವಾಪಸು ಬರುವ ದಿನವನ್ನು ಆಕೆಗೂ ಹೇಳಿ ಹೋಗಬಹುದು.